ಹಿಮ ಬೀಳುವಾಗ ಗುಣವತಿ ತೆಗೆದ ಫೋಟೊ

ಲಂಡನ್ನಿನ ಗ್ರೀನ್‌ಫರ್ಡ್ ಸುತ್ತಮುತ್ತಲಿನ ಕುಂದಾಪುರದವರ ಮನೆಗಳಲ್ಲಿ ಗುಣವತಿಯ ಹೆದರಿಕೆ ಒಂದು ತಮಾಷೆಯ ಮಾತಾಗಿತ್ತು. ಮಗಳು ವಿಜೇತಾ ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಪೊಲೀಸರಿಗೆ ಫೋನ್ ಮಾಡಿಬಿಡುವವಳು ಅವಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ತಾನೂ ಕಣ್ಣು ಮುಚ್ಚಿಕೊಳ್ಳುವಳು. ಟ್ಯೂಬ್ ರೈಲು ಸುರಂಗದ ನಡುವೆ ನಿಂತರೆ ಪಕ್ಕದಲ್ಲಿ ಕೂತವರು ಯಾರೆಂದು ನೋಡದೆ ಅವರ ತೋಳು ಹಿಡಿಯುವಳು. ಗಂಡ ಕರುಣಾಕರ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತ ಈ ಕತೆಗಳನ್ನೆಲ್ಲ ಹೇಳಿ ಜೊತೆಯವರನ್ನು ನಗಿಸುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇಲ್ಲದೆ ಇರಲಿಲ್ಲ. ಆದರೆ ಇಪ್ಪತ್ತೈದು ವರ್ಷ ಕೇಳಿದ ಮೇಲೆ ಯಾವ ಹೆದರಿಕೆಯೂ ಹೆದರಿಕೆಯಂತೆ ಕೇಳಿಸುವುದಿಲ್ಲ.

ಇದಕ್ಕೆಲ್ಲ ಕಾರಣ ಏನೆಂದು ಅವಳಿಗೇ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಂಥದ್ದೇನೂ ಆಗಿರಲಿಲ್ಲ. ಮದುವೆಯಾಗಿ ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ, ಮಧ್ಯಾಹ್ನದ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊರಗೆ ಕತ್ತಲಾದದ್ದನ್ನು ಕಂಡು ಮನೆಯ ದೀಪಗಳನ್ನೆಲ್ಲ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಆ ಕತ್ತಲೆ ಅವಳಿಗೆ ಆಮೇಲೂ ಅಭ್ಯಾಸವಾಗಲಿಲ್ಲ. ಜಿಪಿ ಡಾಕ್ಟರು ಬರೆದುಕೊಟ್ಟ ಮಾತ್ರೆಗೂ ಹೆದರಿ ಅದನ್ನು ಕಪಾಟಿನಲ್ಲಿ ಇಟ್ಟುಬಿಟ್ಟಳು. ಹತ್ತಿರದ ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ಮಕ್ಕಳಿಗೆ ಊಟ ಬಡಿಸುವಾಗ ಮಾತ್ರ ಅವಳ ಎದೆ ಸ್ವಲ್ಪ ತಣ್ಣಗಿರುತ್ತಿತ್ತು.

ಕ್ಯಾಮೆರಾ ಅವಳ ಕೈಗೆ ಬಂದದ್ದು ಆಕಸ್ಮಿಕ. ವಿಜೇತಾ ಕಾಲೇಜಿನಲ್ಲಿದ್ದಾಗ ಆಸೆಪಟ್ಟು ಕೊಂಡಿದ್ದಳು. ಅಕ್ಸ್‌ಬ್ರಿಡ್ಜ್‌ನಲ್ಲಿ ಕೆಲಸ ಸಿಕ್ಕಿ ಅಲ್ಲೇ ಮನೆ ಮಾಡಿದಾಗ ಅದನ್ನು ತಾಯಿಯ ವಾರ್ಡ್‌ರೋಬಿನಲ್ಲಿ ಬಿಟ್ಟು ಹೋದಳು. ಒಂದು ದೀಪಾವಳಿಗೆ, ಕನ್ನಡದವರೆಲ್ಲ ಬಾಡಿಗೆಯ ಹಾಲ್‌ನಲ್ಲಿ ಸೇರಿದಾಗ, ಫೋಟೊ ತೆಗೆಯುವವರು ಬರಲಿಲ್ಲವೆಂದು ಗುಣವತಿ ಅದನ್ನು ಒಯ್ದಳು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿದಾಗ ಅಷ್ಟು ದೊಡ್ಡ ಜನಜಂಗುಳಿ ಒಂದು ಸಣ್ಣ ಚೌಕದೊಳಗೆ ನಿಂತಿತು. ಅವಳ ಕೈ ನಡುಗಲಿಲ್ಲ.

ಅಲ್ಲಿಂದ ಅವಳು ಬಿಡಲಿಲ್ಲ. ಗೊತ್ತಾಗದ್ದನ್ನು ಮಗಳಿಗೆ ಫೋನ್ ಮಾಡಿ ಕನ್ನಡದಲ್ಲಿ ಕೇಳುವಳು, ಮಗಳು ಇಂಗ್ಲಿಷಿನಲ್ಲಿ ಹೇಳಿಕೊಡುವಳು. ಸಂಜೆಯ ಕತ್ತಲೆ ಹೇಗೂ ಕಾಡುತ್ತಿತ್ತಲ್ಲ, ಕಿಟಕಿ ತೆರೆದು ಆ ಕತ್ತಲೆಯನ್ನೇ ತೆಗೆಯತೊಡಗಿದಳು. ಒಮ್ಮೆ ಹಿತ್ತಿಲಿನಲ್ಲಿ ಸುರಿಯುವ ಮಳೆಗೆ ಫ್ಲ್ಯಾಶ್ ಹಾಕಿದಾಗ ಹನಿಗಳೆಲ್ಲ ಬಿಳಿ ಮಚ್ಚೆಗಳಾಗಿ ಬಂದವು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಯ ಆಚೆ ಬದಿಯ ಬೇಲಿಗೆ ಕಟ್ಟಿ, ಬೆಳಕು ತನ್ನ ಕಡೆಗೆ ಬರುವ ಹಾಗೆ ಮಾಡಿದಳು. ಕ್ಯಾಮೆರಾದ ಗುಂಡಿ ಒತ್ತಿದರೆ ತಂತಿಯಿಲ್ಲದೆಯೇ ಅದು ಅಲ್ಲಿ ಹೊಳೆಯುತ್ತಿತ್ತು. ಆಗ ಒಂದೊಂದು ಹನಿಯೂ ಮಣಿಯಂತೆ ಹೊಳೆಯಿತು.

ಆ ಮಳೆಯ ಚಿತ್ರವನ್ನು ಯುಗಾದಿಯ ಕೂಟದಲ್ಲಿ ನೋಡಿದವನು ಶ್ರವಣ್. ಬೆಂಗಳೂರಿನವನು, ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವನು. ಒಳಾಂಗಣದಲ್ಲಿ ಹಿಮದ ಇಳಿಜಾರು ಮಾಡಿರುವ ಕಡೆ ಹೋಗಿ ಸ್ನೋಬೋರ್ಡ್ ಕಲಿತಿದ್ದ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಆ ಆಟದ ವಿಡಿಯೊಗಳನ್ನು ಎಲ್ಲರಿಗೂ ತೋರಿಸುತ್ತಿದ್ದ.

"ಆಂಟಿ, ಈ ಮಳೆ ಥರಾನೇ ಸ್ನೋದಲ್ಲೂ ತೆಗೀಬಹುದಾ? ರಾತ್ರಿ ಹೊತ್ತು, ಸ್ನೋ ಬೀಳ್ತಾ ಇರೋವಾಗ, ನಾವು ಗಾಳೀಲಿ ಇರೋದು?"

"ತೆಗೀಬಹುದು ಅಂತ ಕಾಣತ್ತೆ," ಅಂದಳು ಗುಣವತಿ. ಲಂಡನ್ನಿನಲ್ಲಿ ಹಲಗೆ ಜಾರುವಷ್ಟು ಹಿಮ ಬೀಳುವುದೇ ಅಪರೂಪ. ಆ ಧೈರ್ಯದ ಮೇಲೆ ಹೂಂ ಅಂದಿದ್ದಳು.

ಡಿಸೆಂಬರಿನ ಒಂದು ಭಾನುವಾರ ಹಿಮ ಬಿತ್ತು. ಮಧ್ಯಾಹ್ನ ಶುರುವಾದದ್ದು ನಿಲ್ಲಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ರಸ್ತೆಯಲ್ಲಿ ನಿಂತ ಕಾರುಗಳ ಗುರುತು ಸಿಗದಾಯಿತು. ಶ್ರವಣ್ ಫೋನ್ ಮಾಡಿ, ಹಾರ್ಸೆಂಡನ್ ಗುಡ್ಡದಲ್ಲಿ ಎಲ್ಲರೂ ಸೇರಿದ್ದೇವೆ, ಕರೆದೊಯ್ಯಲು ಬರುತ್ತೇನೆ ಅಂದ. ಅವಳು ರೆಸ್ಟೋರೆಂಟಿಗೆ ಫೋನ್ ಮಾಡಿದಳು.

"ಹ್ವಾಯ್, ಶ್ರವಣ್ ಗುಡ್ಡಿಗ್ ಕರೀತಾ ಇದ್ದ. ಹೋಪ್ದಾ, ಬ್ಯಾಡ್ದಾ?"

ಆಚೆಯಿಂದ ಪಾತ್ರೆಗಳ ಸದ್ದಿನ ನಡುವೆ ಕರುಣಾಕರ ಹೇಳಿದ, "ಮನಿಯಂಗ್ ಕೂಕಂಡ್ರೂ ಹೆದ್ರುದೇ, ಅಲ್ ಹೋರೂ ಹೆದ್ರುದೇ. ಹೋಯ್ ಬಾ."

ಗುಡ್ಡದ ಮೇಲೆ ಒಂದು ದೀಪವೂ ಇರಲಿಲ್ಲ. ದೂರದಲ್ಲಿ ಊರಿನ ಬೆಳಕು ಮೋಡಕ್ಕೆ ತಗುಲಿ ಆಕಾಶ ಮಾಸಲು ಕಿತ್ತಳೆಯಾಗಿತ್ತು, ಅಷ್ಟೇ. ಇಳಿಜಾರಿನ ಎಡಕ್ಕೆ ಮುಳ್ಳುಗಿಡಗಳ ಪೊದೆ, ಅದರಾಚೆ ಕಾಡು. ಶ್ರವಣ್ ಮತ್ತು ಅವನ ಇಬ್ಬರು ಇಂಗ್ಲಿಷ್ ಗೆಳೆಯರು ಸಲಿಕೆಯಿಂದ ಹಿಮ ಒಟ್ಟಿ ದಿಬ್ಬವೊಂದನ್ನು ಮಾಡಿದ್ದರು. ಮೇಲಿನಿಂದ ಜಾರಿ ಬಂದು ಅದನ್ನು ಹತ್ತಿ ಗಾಳಿಗೆ ಹಾರುವುದು ಅವರ ಯೋಜನೆ. ಜೊತೆಗೆ ಮಾಳವಿಕಾ ಇದ್ದಳು. ಮೈಸೂರಿನವಳು, ಶ್ರವಣ್‌ನ ಆಫೀಸಿನವಳು, ಎಜ್‌ವೇರ್‌ನಲ್ಲಿ ಒಬ್ಬಳೇ ಫ್ಲ್ಯಾಟ್ ಮಾಡಿಕೊಂಡಿದ್ದಳು. ಬಿಳಿ ಜಾಕೆಟ್, ಬೆನ್ನಿಗೆ ಸಣ್ಣ ಚೀಲ, ತಲೆಗೆ ಉಣ್ಣೆಯ ಟೋಪಿ.

ಗುಣವತಿಗೆ ಮೊದಲು ತಟ್ಟಿದ್ದು ಆ ನಿಶ್ಶಬ್ದ. ಹಿಮ ಎಲ್ಲ ಸದ್ದನ್ನೂ ನುಂಗಿಬಿಟ್ಟಿತ್ತು. ಮೇಲಿನಿಂದ ಒಬ್ಬರು ವೇಗವಾಗಿ ಬರುತ್ತಿದ್ದರೂ ತೀರ ಹತ್ತಿರವಾಗುವ ತನಕ ಏನೂ ಕೇಳುತ್ತಿರಲಿಲ್ಲ. ಆಮೇಲೆ ಒಮ್ಮೆಗೇ ಹಲಗೆಯ ಪರಪರ ಸದ್ದು ಮೈಮೇಲೆ ಬಂದಂತಾಗಿ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಮೊದಲ ಸಲ ಅವಳು ಕ್ಯಾಮೆರಾ ಅಪ್ಪಿಕೊಂಡು ಕುಸಿದು ಕೂತಳು.

ಆದರೂ ಕೆಲಸ ಶುರುಮಾಡಿದಳು. ಹಿಮ ತಾಗದಂತೆ ಕ್ಯಾಮೆರಾಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದಳು. ಚಳಿಗೆ ಬ್ಯಾಟರಿ ಸಾಯಬಾರದೆಂದು ಇನ್ನೊಂದು ಜೊತೆಯನ್ನು ಸ್ವೆಟರಿನ ಒಳಗೆ ಇಟ್ಟುಕೊಂಡಿದ್ದಳು. ಫ್ಲ್ಯಾಶನ್ನು ದಿಬ್ಬದ ಆಚೆ ಸಲಿಕೆಯ ಹಿಡಿಗೆ ಕಟ್ಟಿ, ಮೇಲೆ ನೀಲಿ ಚಾಕೊಲೇಟ್ ಕಾಗದ ಸುತ್ತಿದಳು. ಶ್ರವಣ್ ಹಾರಿದ. ಅವಳು ಒತ್ತಿದಳು. ಕ್ಯಾಮೆರಾದ ಪರದೆಯಲ್ಲಿ ಅವನು ಕಪ್ಪು ಆಕೃತಿಯಾಗಿ ಗಾಳಿಯಲ್ಲಿ ಬಾಗಿದ್ದ. ಸುತ್ತ ಸಾವಿರಾರು ಹಿಮದ ಚೂರುಗಳು ನೀಲಿಯಾಗಿ ಉರಿಯುತ್ತಿದ್ದವು. ಎಲ್ಲರೂ ಮುತ್ತಿಕೊಂಡು ನೋಡಿದರು. ಮಾಳವಿಕಾ ಅವಳ ಭುಜ ಹಿಡಿದು, "ಆಂಟಿ, ಇದು ಲಂಡನ್ ಅಂದ್ರೆ ಯಾರೂ ನಂಬಲ್ಲ," ಅಂದಳು. ಸ್ವಲ್ಪ ಹೊತ್ತು ಗುಣವತಿಗೆ ಚಳಿಯೂ ಮರೆತಿತ್ತು.

ಒಂದು ಮಾತ್ರ ಅವಳನ್ನು ಬಿಡಲಿಲ್ಲ. ಪ್ರತಿ ಸಲ ಫ್ಲ್ಯಾಶ್ ಹೊಳೆದ ಮೇಲೆ ಕಣ್ಣಿನ ಮುಂದೆ ನೇರಳೆ ಬಣ್ಣದ ಮಚ್ಚೆಯೊಂದು ಉಳಿದು, ಕತ್ತಲೆ ಮೊದಲಿಗಿಂತ ದಟ್ಟವಾಗುತ್ತಿತ್ತು. ಗಾಳಿಯಲ್ಲಿದ್ದವರು ಏನಾದರು ಎಂದು ಕಾಣುತ್ತಿರಲಿಲ್ಲ. ಹಲಗೆ ನೆಲಕ್ಕೆ ಬಿದ್ದ 'ಧಪ್' ಸದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಡುತ್ತಿದ್ದಳು.

ಗೆಳೆಯರಿಬ್ಬರು ದೂರದಲ್ಲಿ ನಿಲ್ಲಿಸಿದ್ದ ಕಾರು ತರಲು ಹೋದರು. ಶ್ರವಣ್ ಕೆಳಗಿನ ಕಾಲುದಾರಿಯಲ್ಲಿ ಸಾಮಾನು ಕಟ್ಟುತ್ತಿದ್ದ. ಮಾಳವಿಕಾ ಮತ್ತೆ ಮೇಲೆ ಹತ್ತಿ ಹೊರಟವಳು ನಿಂತಳು.

"ಆಂಟಿ, ಎಲ್ಲಾದ್ರಲ್ಲೂ ನಾನು ಬರೀ ನೆರಳು. ಅಮ್ಮಂಗೆ ಕಳ್ಸಿದ್ರೆ ಇದ್ಯಾರೇ ಅಂತಾರೆ. ಮುಖ ಕಾಣೋ ಹಾಗೆ ಒಂದು ತೆಗೀರಿ. ಇದೇ ಲಾಸ್ಟ್. ಆಮೇಲೆ ಹೊರಟುಬಿಡ್ತೀನಿ, ಸ್ನೋ ಜಾಸ್ತಿಯಾದ್ರೆ ಟ್ಯೂಬ್ ನಿಂತುಹೋಗತ್ತೆ."

ಗುಣವತಿ ಫ್ಲ್ಯಾಶನ್ನು ಬಿಚ್ಚಿ ತಂದು ಈಚೆ ಕಡೆಯಿಂದ ದಿಬ್ಬದ ತುದಿಗೆ ತಿರುಗಿಸಿದಳು. ಮುಖದ ಬಣ್ಣ ಸರಿಯಾಗಿ ಬರಲೆಂದು ನೀಲಿ ಕಾಗದ ತೆಗೆದಳು. ಕತ್ತಲೆಯಲ್ಲಿ ಹಲಗೆಯ ಸದ್ದು ಬಂತು. ಒತ್ತಿದಳು. ಬಿಳಿ ಬೆಳಕಿನಲ್ಲಿ ಒಂದು ಮುಖ ಮಿಂಚಿ ಮಾಯವಾಯಿತು.

ಕಣ್ಣು ತಿಳಿಯಾದಾಗ ಇಳಿಜಾರು ಬರಿದಾಗಿತ್ತು. ಹುಡುಗಿ ಹಾಗೇ ಕೆಳಗೆ ಜಾರಿಹೋಗಿರಬೇಕು ಅಂದುಕೊಂಡು ಗುಣವತಿ ಸಾಮಾನು ಎತ್ತಿಕೊಂಡು ನಿಧಾನವಾಗಿ ಇಳಿದಳು.

"ಮಾಳವಿಕಾ ಎಲ್ಲಿ?"

"ಹೋದ್ಳು ಅನ್ಸತ್ತೆ ಆಂಟಿ. ಲಾಸ್ಟ್ ಅಂದಿದ್ಳಲ್ಲ. ಆ ಕಡೆ ಗೇಟ್‌ನಿಂದ ಸ್ಟೇಷನ್ ಹತ್ರ."

"ನೀನು ನೋಡಿದ್ಯಾ?"

"ಇಲ್ಲ. ನಾನು ಇಲ್ಲಿ ಬಗ್ಗಿಕೊಂಡಿದ್ದೆ."

ಅವಳು ಕ್ಯಾಮೆರಾ ತೆರೆದು ಕೊನೆಯ ಚಿತ್ರ ನೋಡಿದಳು. ಮುಖ ಬಂದಿತ್ತು. ಕಣ್ಣು ಎರಡೂ ಬಿಗಿಯಾಗಿ ಮುಚ್ಚಿದ್ದವು. ಒಂದು ಕೈ ಮುಖಕ್ಕೆ ಅಡ್ಡ ಬರಲು ಹೊರಟ ಹಾಗಿತ್ತು. ಹಲಗೆಯ ಮುಂದಿನ ತುದಿ ಇಳಿಜಾರಿನ ಕಡೆಗಿರಲಿಲ್ಲ, ಎಡಕ್ಕೆ, ಮುಳ್ಳುಪೊದೆಯ ಕಡೆಗಿತ್ತು.

ಏನೋ ಆಗಿಹೋಗಿದೆ ಎಂದು ಅವಳಿಗೆ ಅನ್ನಿಸಿತು. ಆದರೆ ಹಾಗನ್ನಿಸುವುದು ಅವಳಿಗೆ ಹೊಸದಲ್ಲವಲ್ಲ. ವಿಜೇತಾ ಗೆಳತಿಯ ಮನೆಯಲ್ಲಿ ಕೂತು ಕೇಕ್ ತಿನ್ನುತ್ತಿದ್ದಾಗ ಪೊಲೀಸರು ಮನೆಗೆ ಬಂದ ದಿನವೂ ಹೀಗೇ ಅನ್ನಿಸಿತ್ತು. ಪ್ರತಿ ಸಲವೂ ಅವಳದ್ದೇ ತಪ್ಪಾಗಿತ್ತು. ಶ್ರವಣ್ ಚೀಲ ಹೆಗಲಿಗೆ ಹಾಕಿ ಮುಂದೆ ನಡೆದ. ಅವಳೂ ಅವನ ಹಿಂದೆ ಸ್ವಲ್ಪ ದೂರ ನಡೆದಳು. ಆಮೇಲೆ ನಿಂತುಬಿಟ್ಟಳು.

"ನಾ ಬತ್ತಿಲ್ಲೆ," ಅಂದಳು. ಹೆದರಿಕೆಯಲ್ಲಿ ಮನೆಯ ಮಾತೇ ಬಾಯಿಗೆ ಬಂದಿತ್ತು. "ಅವ್ಳ್ ನೆಲಕ್ಕ್ ಬಿದ್ದ್ ಶಬ್ದ ನಂಗ್ ಕೇಂಡಿಲ್ಲೆ."

ಶ್ರವಣ್‌ಗೆ ಅರ್ಥವಾಗಲಿಲ್ಲ. ಹುಡುಗಿ ನೆಲಕ್ಕೆ ಬಿದ್ದ ಸದ್ದೇ ಕೇಳಿಸಲಿಲ್ಲವೆಂದು ಅವಳು ಇನ್ನೊಮ್ಮೆ, ನಿಧಾನವಾಗಿ ಹೇಳಿದಳು. ಅವನು ಮಾಳವಿಕಾಗೆ ಫೋನ್ ಮಾಡಿದ. ರಿಂಗ್ ಆಗದೆ ನೇರ ವಾಯ್ಸ್‌ಮೇಲ್‌ಗೆ ಹೋಯಿತು.

"ಟ್ಯೂಬ್ ಒಳಗೆ ಇರ್ಬೇಕು ಆಂಟಿ."

"ಇಷ್ಟು ಬೇಗ ಟ್ಯೂಬಾ? ಗೇಟಿಗೂ ಹೋಗಿರೋದಿಲ್ಲ ಅವಳು." ಅವಳು ಕ್ಯಾಮೆರಾವನ್ನು ಅವನ ಮುಖದ ಮುಂದೆ ಹಿಡಿದಳು. ಶ್ರವಣ್ ಚಿತ್ರವನ್ನು ಬಹಳ ಹೊತ್ತು ನೋಡಿದ. ಚೀಲವನ್ನು ಅಲ್ಲೇ ಹಾಕಿ ಮೇಲಕ್ಕೆ ಓಡಿದ.

ಫೋನುಗಳ ಟಾರ್ಚ್ ಉಪಯೋಗಕ್ಕೆ ಬರಲಿಲ್ಲ. ಬೀಳುವ ಹಿಮವೇ ಬಿಳಿ ಪರದೆಯಂತೆ ಕಣ್ಣಿಗೆ ಅಡ್ಡ ನಿಲ್ಲುತ್ತಿತ್ತು. ಹೆಸರು ಹಿಡಿದು ಕೂಗಿದರು. ಕೂಗು ಬಾಯಿಂದ ಹೊರಗೆ ಬಿದ್ದಲ್ಲೇ ಸತ್ತಂತಾಯಿತು. ದಿಬ್ಬದ ಬಳಿ ಸಂಜೆಯ ಗುರುತುಗಳೆಲ್ಲ ಆಗಲೇ ಮುಚ್ಚುತ್ತಿದ್ದವು. ಗುಣವತಿ ಬೆರಳು ಮರಗಟ್ಟಿದ್ದರಿಂದ ಫ್ಲ್ಯಾಶನ್ನು ನೆಲದ ಮೇಲಿಟ್ಟು ಕೈ ಉಜ್ಜಿಕೊಂಡಳು. ಮತ್ತೇನು ಮಾಡುವುದೆಂದು ತಿಳಿಯದೆ ಕ್ಯಾಮೆರಾದ ಗುಂಡಿ ಒತ್ತಿದಳು.

ನೆಲ ಸವರಿಕೊಂಡು ಹೋದ ಆ ಬೆಳಕಿನಲ್ಲಿ ಹಿಮದ ಮೇಲೆ ತೆಳ್ಳನೆ ನೆರಳಿನ ಗೆರೆಯೊಂದು ಕಂಡಿತು. ದಿಬ್ಬದಿಂದ ಆಚೆಗೆ, ಅರ್ಧ ತುಂಬಿಹೋದ ಜಾಡು. ಅದು ಎಡಕ್ಕೆ ಬಾಗಿತ್ತು.

"ಆ ಕಡೆ," ಅಂದಳು.

ಸ್ವಲ್ಪ ದೂರ ನಡೆಯುವುದು, ಫ್ಲ್ಯಾಶನ್ನು ನೆಲಕ್ಕಿಡುವುದು, ಒತ್ತುವುದು. ಮತ್ತೆ ಕತ್ತಲೆ. ಬ್ಯಾಟರಿ ಸೋತು, ಫ್ಲ್ಯಾಶ್ ಮತ್ತೆ ತಯಾರಾಗುವ ಸಣ್ಣ ಕೀರಲು ದನಿ ಪ್ರತಿ ಸಲವೂ ಉದ್ದವಾಗುತ್ತಿತ್ತು. ಆ ದನಿ ನಿಲ್ಲುವುದನ್ನು ಕಾಯುವಾಗ ಗುಣವತಿಗೆ, ಅದು ನಿಲ್ಲದೇ ಇರಲಿ ಅನ್ನಿಸಿತು. ಮುಂದಿನ ಬೆಳಕು ಏನನ್ನು ತೋರಿಸುತ್ತದೋ ಅದನ್ನು ನೋಡುವ ಶಕ್ತಿ ತನಗಿಲ್ಲ ಅನ್ನಿಸಿತು. ಆದರೂ ಒತ್ತಿದಳು. ಪೊದೆಯ ಅಂಚಿನಲ್ಲಿ, ಮುಳ್ಳುಬಳ್ಳಿಗಳ ನಡುವೆ, ಹಲಗೆಯ ತುದಿಯೊಂದು ಮೇಲೆದ್ದಿತ್ತು.

ಬಳ್ಳಿಗಳ ಹಿಂದೆ ಒಂದು ಚರಂಡಿಯಂಥ ತಗ್ಗು. ಮಾಳವಿಕಾ ಅದರಲ್ಲಿ ತಲೆ ಕೆಳಗಾಗಿ ಓರೆಯಾಗಿ ಬಿದ್ದಿದ್ದಳು. ಹಲಗೆ ಬೇರಿಗೆ ಸಿಕ್ಕಿಕೊಂಡು, ಕಾಲು ಇರಬಾರದ ಕಡೆಗೆ ತಿರುಗಿತ್ತು. ಮುಖದ ಅರ್ಧ ಹಿಮದಲ್ಲಿ ಹೂತಿತ್ತು. ರೆಪ್ಪೆಯ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿತ್ತು.

ಶ್ರವಣ್ ಅವಳ ತೋಳು ಹಿಡಿದು ಎಳೆಯಲು ಹೋದ.

"ಎಳೀಬೇಡ," ಅಂದಳು ಗುಣವತಿ. ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಕಲಿಸುವಾಗ ಹೇಳಿದ್ದ ಒಂದೇ ಮಾತು ತಲೆಯಲ್ಲಿ ಉಳಿದಿತ್ತು. "ಕುತ್ತಿಗೆಗೆ ಪೆಟ್ಟಾಗಿದ್ರೆ? ಫೋನ್ ಮಾಡು, ಆಂಬುಲೆನ್ಸಿಗೆ ಮಾಡು."

ಅವಳು ತಗ್ಗಿಗೆ ಇಳಿದು ಹುಡುಗಿಯ ಬಾಯಿ, ಮೂಗಿನ ಸುತ್ತಲಿನ ಹಿಮವನ್ನು ಬೆರಳಿನಿಂದ ಗೋರಿ ತೆಗೆದಳು. ಕೆನ್ನೆಯನ್ನು ಆ ಬಾಯಿಯ ಹತ್ತಿರ ಇಟ್ಟಳು. ಬಹಳ ಹೊತ್ತಿನ ಮೇಲೆ ಬೆಚ್ಚಗಿನ ಗಾಳಿ ತಾಗಿದ ಹಾಗಾಯಿತು. ತನ್ನದೇ ಉಸಿರು ತಿರುಗಿ ಬಂದಿತೋ ಎಂದು ಬಾಯಿ ಮುಚ್ಚಿ ಕಾದಳು. ಮತ್ತೆ ತಾಗಿತು.

ಆಂಬುಲೆನ್ಸಿನವರು ಹಿಮದಿಂದ ತಡವಾಗುತ್ತದೆ ಅಂದರು. ಯಾರಾದರೂ ರಸ್ತೆಯಲ್ಲಿ ನಿಂತು ದಾರಿ ತೋರಿಸಬೇಕಿತ್ತು. ಕಾರು ತರಲು ಹೋದವರು ಇನ್ನೂ ಬಂದಿರಲಿಲ್ಲ. ಶ್ರವಣ್ ಅವಳ ಮುಖ ನೋಡಿದ. "ಆಂಟಿ, ನೀವು ಒಬ್ರೇ..."

"ಹೋಗು."

ಅವನ ಟಾರ್ಚಿನ ಬೆಳಕು ಹಿಮದಲ್ಲಿ ಕರಗಿಹೋಯಿತು. ಗುಣವತಿ ತನ್ನ ಕೋಟು ಬಿಚ್ಚಿ ಹುಡುಗಿಗೆ ಹೊದಿಸಿ, ಅವಳ ಪಕ್ಕದಲ್ಲಿ ತಾನೂ ಒರಗಿದಳು. ಗುಣವತಿಯ ಫೋನು ಚಳಿಗೆ ಆಗಲೇ ಸತ್ತಿತ್ತು. ಹಿಂದಿನ ಕಾಡಿನಲ್ಲಿ ಹಿಮದ ಭಾರಕ್ಕೆ ಕೊಂಬೆಯೊಂದು ಮುರಿದು ಬಿದ್ದಾಗ ಕೋಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾಳವಿಕಾಳ ಕತ್ತಿನಲ್ಲಿ ಬೆರಳಿಟ್ಟು ನಾಡಿ ಹುಡುಕಿದಳು. ಬೆರಳಿಗೆ ಏನೋ ಬಡಿಯುತ್ತಿತ್ತು, ಆದರೆ ಅದು ಆ ಹುಡುಗಿಯದೋ ತನ್ನದೋ ಗೊತ್ತಾಗಲಿಲ್ಲ. ಸುಮ್ಮನಿದ್ದರೆ ಇಬ್ಬರೂ ಸತ್ತುಹೋಗುತ್ತೇವೆ ಅನ್ನಿಸಿ ಮಾತಾಡತೊಡಗಿದಳು.

"ನಾಳೆ ಸೋಮವಾರ ಕಾಣ್ ಮಗಾ. ಮಕ್ಕಳಿಗ್ ಪಾಸ್ತಾ. ಮಂಗಳವಾರ ಆಲೂಗಡ್ಡಿ. ಒಂದ್ ಮಾಣಿ ಇದ್ದ, ಬಟಾಣಿ ಕಂಡ್ರೆ ಆತಿಲ್ಲೆ ಅವನಿಗೆ. ಒಂದೊಂದೇ ಹೆಕ್ಕಿ ಬದಿಗ್ ಇಡ್ತ. ಕೇಂತಾ ಇತ್ತಾ ನಿಂಗೆ?"

ಫ್ಲ್ಯಾಶಿಗೆ ಸ್ವೆಟರಿನೊಳಗಿನ ಬ್ಯಾಟರಿ ತುಂಬಿ ಅದನ್ನು ಮೇಲೆತ್ತಿ ಆಗಾಗ ಹೊಳೆಯಿಸಿದಳು. ಹೊಳೆದಾಗೆಲ್ಲ ಮಾಳವಿಕಾಳ ಮುಖ ಕಾಣುತ್ತಿತ್ತು, ಹೆಚ್ಚು ಹೆಚ್ಚು ಬೆಳ್ಳಗೆ. ಆಮೇಲೆ ಅದನ್ನು ನೋಡಲಾರದೆ, ಫ್ಲ್ಯಾಶ್ ಎತ್ತಿ ತಾನು ಕಣ್ಣು ಮುಚ್ಚಿಕೊಂಡಳು. ಕೆಳಗಿನಿಂದ ಶ್ರವಣ್ "ಆಂಟಿ" ಎಂದು ಕೂಗಿದ್ದು ಕೇಳಿದಾಗ ಫ್ಲ್ಯಾಶನ್ನು ಆ ಕಡೆಗೆ ತಿರುಗಿಸಿದಳು. ಗುಂಡಿ ಒತ್ತಿದಳು. ಆ ಬೆಳಕಿನ ಗುರುತಿಗೆ ಅವನೂ ಆಂಬುಲೆನ್ಸಿನವರೂ ದಾರಿ ಮಾಡಿಕೊಂಡು ಬಂದರು.

ಕರುಣಾಕರ ಅಡುಗೆಮನೆಯ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದ. ಗುಣವತಿ ಕಾರಿಡಾರಿನಲ್ಲಿ ಯಾರದೋ ಕಂಬಳಿ ಹೊದ್ದು ಕೂತಿದ್ದಳು.

"ನಾನೇ ಅವ್ಳ್ ಕಣ್ಣಿಗ್ ಬೆಳಕ್ ಹೊಡ್ದದ್," ಅಂದಳು.

ಅವನು ನಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ಇಟ್ಟುಕೊಂಡ. ಅವನ ಕೈಗೆ ಎಣ್ಣೆಯ ವಾಸನೆ ಇತ್ತು.

ಮಾಳವಿಕಾಳ ತೊಡೆಯ ಮೂಳೆ ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹಿಮದಲ್ಲಿ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಶ್ರವಣ್‌ಗೆ ಹೇಳಿದರು. ಅವನು ಅದನ್ನು ಎಲ್ಲರಿಗೂ ಹೇಳಿದ. ಕನ್ನಡದವರ ಮನೆಗಳಲ್ಲಿ ಗುಣವತಿಯ ಮಾತು ಬೇರೆ ರೀತಿಯಲ್ಲಿ ಬರತೊಡಗಿತು. ಆದರೆ ಅವಳಿಗೆ ಮಾತ್ರ ಮನೆಯ ಫೋನ್ ಹೊಡೆದುಕೊಂಡರೆ ಸಾಕು, ಕೈಯಲ್ಲಿದ್ದದ್ದು ಬೀಳುತ್ತಿತ್ತು. ಮಾಳವಿಕಾಗೆ ಪ್ರಜ್ಞೆ ಬಂತು ಎಂದ ದಿನವೂ ಅವಳು ನೋಡಲು ಹೋಗಲಿಲ್ಲ. ಮೈಸೂರಿನಿಂದ ತಾಯಿ ಬಂದಿದ್ದಾರೆ ಎಂದು ತಿಳಿದ ಮೇಲಂತೂ ಆ ಆಸ್ಪತ್ರೆಯ ರಸ್ತೆಯನ್ನೇ ಬಿಟ್ಟಳು. ಆ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಏನು ಹೇಳುವುದು? ರಾತ್ರಿ ಮಲಗಿದರೆ ಮುಚ್ಚಿದ ಆ ಎರಡು ಕಣ್ಣು ಎದುರಿಗೆ ಬರುತ್ತಿದ್ದವು.

ಕೊನೆಗೆ ಕರುಣಾಕರನೇ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದ. ಮಾಳವಿಕಾ ದಿಂಬಿಗೆ ಒರಗಿ ಕೂತಿದ್ದಳು. ತಲೆಯ ಒಂದು ಬದಿಯ ಕೂದಲು ತೆಗೆದಿದ್ದರು. ತಾಯಿ ಎದ್ದು ಗುಣವತಿಯ ಎರಡೂ ಕೈ ಹಿಡಿದುಕೊಂಡರು. ಗುಣವತಿ ಕೈ ಬಿಡಿಸಿಕೊಂಡಳು.

"ಮೊದಲು ನಾನು ಹೇಳೋದು ಕೇಳಿ. ಫ್ಲ್ಯಾಶ್ ಅವಳ ಮುಖಕ್ಕೆ ಇಟ್ಟಿದ್ದು ನಾನು. ಅದರಿಂದ ಕಣ್ಣಿಗೆ ಕತ್ತಲೆ ಕವಿದು ಬಿದ್ದಳೋ ಏನೋ." ಮತ್ತೆ ಹುಡುಗಿಯ ಕಡೆ ತಿರುಗಿದಳು. "ನಿನಗೇ ಗೊತ್ತಿರೋದು. ಹೇಳು."

ಮಾಳವಿಕಾ ತಲೆಯಾಡಿಸಿದಳು. "ನಂಗೆ ಆ ದಿನಾನೇ ನೆನಪಿಲ್ಲ ಆಂಟಿ. ಮನೆಯಿಂದ ಹೊರಟಿದ್ದೂ ನೆನಪಿಲ್ಲ. ಆ ಫೋಟೊ ಇದೆಯಾ?"

ಅಳಿಸುವ ಧೈರ್ಯವಾಗದೆ ಗುಣವತಿ ಅದನ್ನು ಹಾಗೇ ಇಟ್ಟಿದ್ದಳು. ತೋರಿಸಿದಳು. ತಾಯಿ ಮುಖ ತಿರುಗಿಸಿಕೊಂಡರು. ಮಾಳವಿಕಾ ಮಾತ್ರ ನೋಡುತ್ತಲೇ ಇದ್ದಳು.

"ಹಾರುವಾಗ ನಾನು ಯಾವಾಗ್ಲೂ ಕಣ್ಣು ಮುಚ್ಕೋತೀನಿ," ಅಂದಳು. "ಶ್ರವಣ್ ಅದಕ್ಕೇ ಬೈತಿರ್ತಾನೆ. ಬೇಕಾದ್ರೆ ಕೇಳಿ."

ಗುಣವತಿ ಶ್ರವಣ್‌ನನ್ನು ಕೇಳಲಿಲ್ಲ. ಅದು ನಿಜವೋ, ತನ್ನ ಮೇಲಿನ ಕನಿಕರಕ್ಕೆ ಆ ಹುಡುಗಿ ಹಾಗೆಂದಳೋ ಎಂಬುದು ಇವತ್ತಿಗೂ ಅವಳಿಗೆ ತಿಳಿಯದು. ಹೋಗಿ ಕೇಳಿ, ಇಲ್ಲ ಅಂದುಬಿಟ್ಟರೆ ಎಂಬ ಭಯ.

ಮೇ ತಿಂಗಳಲ್ಲಿ ಮಾಳವಿಕಾ ಕೋಲು ಹಿಡಿದು ನಡೆಯುವ ಹಾಗಾದಳು. ತಾನು ಬಿದ್ದ ಜಾಗ ನೋಡಬೇಕು, ನೀವೇ ತೋರಿಸಬೇಕು ಎಂದು ಹಟ ಹಿಡಿದಳು. ಇಬ್ಬರೂ ಒಂದು ಮಧ್ಯಾಹ್ನ ಗುಡ್ಡ ಹತ್ತಿದರು. ಬಿಸಿಲಿತ್ತು, ಹುಲ್ಲಿನ ಮೇಲೆ ನಾಯಿಗಳು ಓಡುತ್ತಿದ್ದವು, ದೂರದಲ್ಲಿ ವೆಂಬ್ಲಿಯ ಕಮಾನು ಕಾಣುತ್ತಿತ್ತು. ಪೊದೆಯ ಹಿಂದಿನ ತಗ್ಗು ಒಂದು ಹೆಜ್ಜೆಗೆ ದಾಟುವಷ್ಟು ಸಣ್ಣದಿತ್ತು.

"ಇಷ್ಟೇನಾ?" ಅಂದಳು ಮಾಳವಿಕಾ. ಕೋಲಿನಿಂದ ಅದರ ತಳ ಮುಟ್ಟಿ ನೋಡಿದಳು. ತಿರುಗಿ ನೋಡಿದರೆ ಗುಣವತಿ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿ ನಿಂತಿದ್ದಳು.

"ಆಂಟಿ, ನಾನಿಲ್ಲೇ ಇದೀನಲ್ಲ."

"ಹೌದು ಮಗಾ," ಅಂದಳು ಗುಣವತಿ, ಆದರೂ ಕಣ್ಣು ತೆರೆಯಲಿಲ್ಲ. ಮಾಳವಿಕಾ ಕೋಲನ್ನು ಒಂದು ಕೈಗೆ ಬದಲಾಯಿಸಿ ಇನ್ನೊಂದು ಕೈಯನ್ನು ಅವಳಿಗೆ ಕೊಟ್ಟಳು. ಇಳಿಜಾರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಿಂತು ನಿಂತು, ಇಬ್ಬರೂ ಬಸ್ ಸ್ಟಾಪಿನ ತನಕ ಇಳಿದು ಬಂದರು.